ಹೇಗ್‌ಗೆ ಹೋಗೋ ಖರ್ಚು ಯಾರದು?

ನಮ್ಮ ಕೇರಿಯ ಹುಡುಗಿ, ಕೊನೇ ವರ್ಷದ ಲಾ, "ಅಣ್ಣಾ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕೆಲಸ ಕಲಿಯೋಕೆ ನಮ್ಮಂಥೋರು ಹೋಗ್ಬಹುದಾ?" ಅಂದಳು. ನಾನು ಬಿ.ಎ. ಗುಮಾಸ್ತ. ಕೂತು ಓದಿದೆ.

ಹೊಸ ಕಾನೂನು ಪದವೀಧರರು ಅಲ್ಲಿನ ನ್ಯಾಯಾಧೀಶರ ಕೈಕೆಳಗೆ ಪಳಗುವ ವ್ಯವಸ್ಥೆ ಶುರುವಾದದ್ದು 1999ರಲ್ಲಿ. ಹೆಸರು ಕಳಿಸುವ ವಿಶ್ವವಿದ್ಯಾಲಯವೇ ಖರ್ಚನ್ನೂ ಕೊಡಬೇಕು. ಅಂದ್ರೆ ದುಡ್ಡಿರೋ ವಿಶ್ವವಿದ್ಯಾಲಯದ ಮಕ್ಕಳಿಗೇ ಬಾಗಿಲು. ಅಭಿವೃದ್ಧಿಶೀಲ ದೇಶಗಳವರಿಗಾಗಿ ನಿಧಿ ಸ್ಥಾಪಿಸಲು ವಿಶ್ವಸಂಸ್ಥೆ ನಿರ್ಣಯ ಮಾಡಿದ್ದು 2020ರ ಡಿಸೆಂಬರ್‌ನಲ್ಲಿ. 21 ವರ್ಷ ಬೇಕಾಯ್ತು!

ಬಾಬಾಸಾಹೇಬರನ್ನು ತಡೆದದ್ದೂ ದುಡ್ಡೇ. 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ ಸೇರಿದರು. ಬರೋಡಾ ವಿದ್ಯಾರ್ಥಿವೇತನ ಮುಗೀತು, 1917ರಲ್ಲಿ ವಾಪಸ್. ಬರೋಡಾ ಕಚೇರಿಯಲ್ಲಿ ಜವಾನರೂ ಫೈಲನ್ನು ದೂರದಿಂದ ಎಸೆಯುತ್ತಿದ್ದರು. (ದಿನಾ ಫೈಲು ಹೊರುವ ನನಗೆ ಈ ಸಾಲು ಬಂದಾಗ ಓದು ಮುಂದೆ ಸಾಗಲ್ಲ.) ಸಿಡೆನ್‌ಹ್ಯಾಮ್ ಕಾಲೇಜಿನ ಸಂಬಳದಲ್ಲಿ ಉಳಿಸಿದ್ದು, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಾತೇನಾರ ಸಾಲ, ಎಲ್ಲಾ ಕೂಡಿಸಿ 1920ರಲ್ಲಿ ಮತ್ತೆ ಹೋದರು. ಬ್ಯಾರಿಸ್ಟರ್ ಆದದ್ದು 1922ರಲ್ಲಿ.

ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆಯಲ್ಲ ಅಂತೀರಿ. ಅದು ಸ್ನಾತಕೋತ್ತರ, ಪಿಎಚ್.ಡಿ.ಗೆ; ಇಂಥ ಕೆಲಸ ಕಲಿಯೋಕಲ್ಲ. ಹಾಗಾಗಿ ಆ ನಿಧಿಯೇ ದಾರಿ, ಆದರೆ ಹೆಸರು ವಿಶ್ವವಿದ್ಯಾಲಯದಿಂದಲೇ ಹೋಗಬೇಕು. ಸೋಮವಾರ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಪ್ರಿನ್ಸಿಪಾಲರ ಹತ್ರ ಹೋಗ್ತಿದೀನಿ.