ಅಳಿಸಲೆಂದೇ ಬರೆದ ಚಿತ್ರಗಳು

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗೊಂದು ಮೊಸಳೆ ಬಂತು. ನೀರಿನ ಪೈಪು ಒಡೆದು ಬಿದ್ದಿದ್ದ ಸುಮಾರು 12 ಅಡಿ ಉದ್ದದ ಗುಂಡಿಯನ್ನು ತಿಂಗಳಾದರೂ ಯಾರೂ ಮುಚ್ಚಿರಲಿಲ್ಲ. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಅದರ ಸುತ್ತ ಬಣ್ಣ ಬಳಿದು ಕೊಳ ಮಾಡಿ, ನಡುವೆ 20 ಕಿಲೋ ತೂಕದ ಕೃತಕ ಮೊಸಳೆಯನ್ನು ಇಟ್ಟರು. ಖರ್ಚಾದದ್ದು 6,000 ರೂಪಾಯಿ. ಪತ್ರಿಕೆಗಳಲ್ಲಿ ಫೋಟೋ ಬಂದ ಮೇಲೆ ಗುಂಡಿ ಮುಚ್ಚಿತು, ಮೊಸಳೆಯೂ ಹೋಯಿತು.

ಇದನ್ನು ನ್ಯೂಯಾರ್ಕ್, ಲಂಡನ್ನಿನ ಗೋಡೆಚಿತ್ರಗಳ ಜೊತೆ ಇಟ್ಟು ಮಾತನಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿನಿಮಾ ಬ್ಯಾನರ್ ಬರೆದು ಬದುಕಿದವನು ನಾನು. ಆ ಮೊಸಳೆಯನ್ನು ನೋಡಿದಾಗ ನನಗೆ ಕಂಡದ್ದು ನಮ್ಮ ಕಸುಬಿನ ಪಟ್ಟುಗಳು.

ಮೆಜೆಸ್ಟಿಕ್‌ನಲ್ಲಿ ಸಾಗರ್, ಸಂತೋಷ್, ನರ್ತಕಿ, ಕಪಾಲಿ, ತ್ರಿಭುವನ್ ಚಿತ್ರಮಂದಿರಗಳೆಲ್ಲವೂ ತುಂಬಿ ತುಳುಕುತ್ತಿದ್ದ ದಿನಗಳಲ್ಲಿ ಸಿನಿಮಾದ ಭವಿಷ್ಯ ಗೊತ್ತಾಗುತ್ತಿದ್ದದ್ದು ಶುಕ್ರವಾರ. ನಮಗೆ ಕೆಲಸ ಅದಕ್ಕೆ ಮುಂಚಿನ ನಾಲ್ಕೈದು ರಾತ್ರಿ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಬಿಳಿ ಹೊಡೆಯುವುದು ಹೊಸ ಹುಡುಗರ ಪಾಲು. ನಿರ್ಮಾಪಕರ ಕಡೆಯಿಂದ ಬಂದ ಸ್ಟಿಲ್ ಫೋಟೋದ ಮೇಲೆ ಚೌಕ ಗೀಟು ಹಾಕಿ, ಅಷ್ಟೇ ಚೌಕಗಳನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಎಳೆದು, ಒಂದೊಂದೇ ಚೌಕದ ಗೆರೆಯನ್ನು ಅಲ್ಲಿಗೆ ಸಾಗಿಸಬೇಕು. ಮುಖ ಬರೆಯುವವರು ಬೇರೆ, ಅಕ್ಷರ ಬರೆಯುವವರು ಬೇರೆ. ನಮ್ಮ ಮೇಸ್ತ್ರಿ ಕೆನ್ನೆಗೆ ನೀಲಿ ಹಚ್ಚುತ್ತಿದ್ದರು, ಗಲ್ಲದ ಕೆಳಗೆ ಕೆಂಪು, ಹಣೆಯ ಮೇಲೆ ಹಳದಿಯ ಒಂದು ಪಟ್ಟೆ. ಹತ್ತಿರ ನಿಂತರೆ ಬರೀ ತೇಪೆ. ರಸ್ತೆಯ ಆಚೆ ಫುಟ್‌ಪಾತಿಗೆ ಹೋಗಿ ತಿರುಗಿ ನೋಡಿದರೆ ರಾಜ್‌ಕುಮಾರ್ ನಗುತ್ತಿರುತ್ತಿದ್ದರು. ಬರೆಯುವವನು ಎಲ್ಲಿ ನಿಂತಿದ್ದಾನೆ ಎನ್ನುವುದಕ್ಕಿಂತ ನೋಡುವವನು ಎಲ್ಲಿ ನಿಲ್ಲುತ್ತಾನೆ ಎನ್ನುವುದರ ಮೇಲೆ ಚಿತ್ರ ಕಟ್ಟಬೇಕು ಎಂದು ನಾನು ಕಲಿತದ್ದು ಆ ಫುಟ್‌ಪಾತಿನಲ್ಲಿ.

ಸಿನಿಮಾ ಎತ್ತಂಗಡಿಯಾದರೆ ಅದೇ ಬಟ್ಟೆಗೆ ಮತ್ತೆ ಬಿಳಿ. ಹತ್ತು ನಾಯಕರ ಮುಖಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಬಟ್ಟೆಗಳು ಭಾರವಾಗಿ, ಮಡಚಿದರೆ ಬಿರುಕು ಬಿಡುತ್ತಿದ್ದವು. ಮೇಸ್ತ್ರಿಗೆ ಇದರ ಬಗ್ಗೆ ಬೇಸರವಿದ್ದದ್ದನ್ನು ನಾನು ನೋಡಿಲ್ಲ. ಚಿತ್ರ ಬರೆದದ್ದು ಜನರನ್ನು ಒಳಗೆ ಕರೆಯಲಿಕ್ಕೆ. ಕರೆದ ಮೇಲೆ ಅದರ ಕೆಲಸ ಮುಗಿಯಿತು ಎನ್ನುತ್ತಿದ್ದರು.

ಫ್ಲೆಕ್ಸ್ ಬಂದ ಮೇಲೆ ಈ ಕಸುಬು ಕೆಲವೇ ವರ್ಷಗಳಲ್ಲಿ ಬಿದ್ದುಹೋಯಿತು. ಕಂಪ್ಯೂಟರಿನಿಂದ ಒಂದು ರಾತ್ರಿಯಲ್ಲಿ ಹೊರಬರುವ ಪ್ಲಾಸ್ಟಿಕ್ಕಿನೆದುರು ಕುಂಚ ನಿಲ್ಲಲಿಲ್ಲ. ಕೆಲವರು ಮನೆಗಳಿಗೆ ಪೇಂಟ್ ಹೊಡೆಯಲು ಹೋದರು, ಕೆಲವರು ಊರು ಸೇರಿದರು. 2009ರಲ್ಲಿ ಬಿಬಿಎಂಪಿ ನಗರದ ಕಾಂಪೌಂಡ್ ಗೋಡೆಗಳ ಮೇಲೆ ಚಿತ್ರ ಬರೆಸಲು ಹೊರಟಾಗ ನಮ್ಮಂಥವರಿಗೆ ಮತ್ತೆ ಕರೆ ಬಂತು. ಪೋಸ್ಟರ್ ಅಂಟಿಸುವುದನ್ನು, ಗೋಡೆಗೆ ಮೂತ್ರ ಮಾಡುವುದನ್ನು ತಡೆಯುವುದು ಪಾಲಿಕೆಯ ಉದ್ದೇಶ. ಜೋಗ, ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಯಕ್ಷಗಾನ, ಹುಲಿ. ಈ ಚಿತ್ರಗಳನ್ನು ಕ್ಯಾಲೆಂಡರ್ ಕಲೆ ಎಂದು ಹೀಗಳೆದವರಿದ್ದರು. ಆ ಗೋಡೆಗಳ ಮುಂದೆ ನಿಂತು ಮಗುವಿಗೆ ರಥದ ಚಕ್ರ ತೋರಿಸುತ್ತಿದ್ದ ತಾಯಂದಿರನ್ನು ನಾನು ನೋಡಿದ್ದೇನೆ. ಬರೆದ ಕೈಗಳಿಗೆ ಅಷ್ಟು ಗೌರವವಾದರೂ ಸಲ್ಲಬೇಕು.

ಮೊಸಳೆ ಇಟ್ಟ ಬಾದಲ್ ಕಲಿತದ್ದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಎಲ್ಲರೂ ಕಾವಾ ಎನ್ನುವ ಕಾಲೇಜು. ಆಮೇಲೆ ಜಾಹೀರಾತಿನ ಕೆಲಸ. ಎರಡೂ ಅವರ ರಸ್ತೆಯ ಚಿತ್ರಗಳಲ್ಲಿ ಕಾಣುತ್ತವೆ. ಬಾಯ್ದೆರೆದ ಮ್ಯಾನ್‌ಹೋಲ್‌ನ ಸುತ್ತ ಅವರು ಯಮನ ಮುಖ ಬರೆದರು, ಗುಂಡಿಯೇ ಯಮನ ಬಾಯಿ. ನೋಡಿದವರಿಗೆ ವಿವರಣೆ ಬೇಡ, ಅಕ್ಷರವೂ ಬೇಡ. ನೆಲದ ಮೇಲೆ ಉದ್ದುದ್ದಕ್ಕೆ ಎಳೆದ ಗೆರೆಗಳು ಒಂದು ಜಾಗದಿಂದ ನೋಡಿದಾಗ ಮಾತ್ರ ಎದ್ದು ನಿಲ್ಲುವಂಥ ಚಿತ್ರಗಳನ್ನೂ ಬರೆದಿದ್ದಾರೆ. ಮೇಸ್ತ್ರಿ ರಸ್ತೆಯ ಆಚೆಯಿಂದ ಲೆಕ್ಕ ಹಾಕುತ್ತಿದ್ದದ್ದೂ ಇದನ್ನೇ.

2019ರ ಸೆಪ್ಟೆಂಬರಿನಲ್ಲಿ ಇಡೀ ದೇಶ ಚಂದ್ರಯಾನ-2ರ ಲ್ಯಾಂಡರ್ ಇಳಿಯುವುದನ್ನು ಕಾಯುತ್ತಿತ್ತು. ಆಗ ಬಾದಲ್ ಹೇರೋಹಳ್ಳಿಯ ಕಡೆ ಕಿತ್ತುಹೋದ ರಸ್ತೆಯೊಂದನ್ನು ಆರಿಸಿಕೊಂಡರು. ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ಉಡುಪು ತೊಟ್ಟು, ರಾತ್ರಿ, ಆ ಗುಂಡಿಗಳ ನಡುವೆ ತೂಕವಿಲ್ಲದವರಂತೆ ಹೆಜ್ಜೆ ಹಾಕಿದರು. ಚಂದ್ರನ ನೆಲವೇ ಸರಿ ಎಂದು ನಂಬಿಕೊಂಡಿರುವಾಗ ಹಿಂದಿನಿಂದ ಒಂದು ಆಟೋ ಬರುತ್ತದೆ. ಆ ವಿಡಿಯೋ ಜಗತ್ತನ್ನೇ ಸುತ್ತಿತು, ರಸ್ತೆಗೆ ಡಾಂಬರು ಬಂತು. ಆ ಆಟೋ ಎಷ್ಟು ಹೊತ್ತಿಗೆ ಬರಬೇಕು ಎನ್ನುವ ಅಂದಾಜಿನಲ್ಲಿ ಅವರ ದೊಡ್ಡತನವಿದೆ. ಅರ್ಧ ಕ್ಷಣ ಮೊದಲೇ ಬಂದಿದ್ದರೆ ನಾವು ಚಂದ್ರನನ್ನು ನಂಬುತ್ತಲೇ ಇರಲಿಲ್ಲ.

ಅವರ ಕೆಲಸ ಗೆದ್ದಿತು ಎಂದರೆ ಅಳಿಸಿಹೋಯಿತು ಎಂದರ್ಥ. ನಮ್ಮ ಬ್ಯಾನರಿಗೂ ಅದೇ ಪಾಡು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇಂದಿಗೂ ಇದೆ, ನಿಜ. ಆದರೆ ಹಾಳಾಗಿದ್ದ ಅದನ್ನು ಟಿಪ್ಪುವಿನ ನಂತರ ಬ್ರಿಟಿಷ್ ಅಧಿಕಾರಿ ವೆಲ್ಲೆಸ್ಲಿ ಸರಿಪಡಿಸಿದ, ಡಾಲ್‌ಹೌಸಿಯ ಕಾಲದಲ್ಲಿ ಇನ್ನೊಮ್ಮೆ ಬಣ್ಣ ಕಂಡಿತು. ಅಷ್ಟು ಕುದುರೆ, ಅಷ್ಟು ಆನೆ, ಅಷ್ಟು ಮೀಸೆಗಳನ್ನು ಬರೆದವರ ಹೆಸರು ಮಾತ್ರ ನಮ್ಮವರೆಗೆ ಬರಲಿಲ್ಲ. ಬಾದಲ್ ಹೆಸರು ಉಳಿಯುತ್ತದೆ, ಫೋಟೋಗಳಿವೆ, ವಿಡಿಯೋಗಳಿವೆ. ಮೆಜೆಸ್ಟಿಕ್‌ನ ಬ್ಯಾನರುಗಳ ಮುಂದೆ ನಿಂತು ತೆಗೆಸಿಕೊಂಡ ಹಳೆಯ ಫೋಟೋಗಳು ನಿಮ್ಮ ಮನೆಯ ಆಲ್ಬಮ್ಮಿನಲ್ಲಿದ್ದರೆ ಹಿಂದಿನ ಬ್ಯಾನರಿನ ಕೆಳಮೂಲೆಯನ್ನು ನೋಡಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ‘ಆರ್ಟ್ಸ್’ ಅಂಗಡಿಯ ಹೆಸರಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಆ ಅಂಗಡಿಯಲ್ಲಿ ಮುಖ ಬರೆಯುತ್ತಿದ್ದವರು ಯಾರೆಂದು ಹಿರಿಯರನ್ನು ಕೇಳಿ. ಹೇಳಬಲ್ಲವರು ಇನ್ನೂ ಕೆಲವರಿದ್ದೇವೆ.