ಕಡಲಿಲ್ಲದವರ ಕೂಡಲು

ಸಮುದ್ರ ತೀರಕ್ಕೆ ಪ್ರವಾಸ ಹೋದ ಸಂಸಾರಕ್ಕೆ ಕೊನೆಯ ದಿನವೆಂದರೆ ಗಂಟುಮೂಟೆ ಕಟ್ಟುವ ದಿನ. ಬಟ್ಟೆಯ ಮರಳು ಕೊಡವಿ, ಇನ್ನೊಮ್ಮೆ ಅಲೆಗೆ ಕಾಲೊಡ್ಡಿ, ಒಲ್ಲದ ಮಕ್ಕಳನ್ನು ಎಳೆದುಕೊಂಡು ಬಸ್ಸು ಹತ್ತುವ ದಿನ. ಮೈಸೂರು ಸೀಮೆಗೆ ಕಡಲು ಘಟ್ಟದಾಚೆಯ ಮಾತು. ಇಲ್ಲಿನವರು ಬುತ್ತಿ ಕಟ್ಟಿಕೊಂಡು ಮನೆಮಂದಿಯೊಡನೆ ನೀರಿಗೆ ಹೋಗುವುದೆಂದರೆ ಹೊಳೆಗೆ: ನಂಜನಗೂಡಿನ ಕಪಿಲೆಗೆ, ಇಲ್ಲವೇ ಅದೇ ಕಪಿಲೆ ಮುಂದೆ ಹರಿದು ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರಕ್ಕೆ. ಇಲ್ಲಿ ಕೊನೆಯ ದಿನದ ಲೆಕ್ಕವೇ ಬೇರೆ.

ಕೂಡಲು ಎಂದರೆ ಹೊಳೆಗಳು ಕೂಡುವ ಜಾಗ. ಪ್ರಯಾಗದಲ್ಲಿ ಗಂಗೆ, ಯಮುನೆಯರು ಕಣ್ಣಿಗೆ ಕಾಣುತ್ತಾರೆ, ಸರಸ್ವತಿ ಗುಪ್ತಗಾಮಿನಿ. ಇಲ್ಲಿಯೂ ಕಾಣುವುದು ಕಾವೇರಿ, ಕಪಿಲೆ ಎರಡೇ. ಮೂರನೆಯದಾದ ಸ್ಫಟಿಕ ಸರೋವರ ನಂಬಿಕೆಯ ನೀರು. ಇಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕ ಹೆಚ್ಚು ಎಂಬುದು ಅದರ ಅರ್ಥವೆಂದು ಜನ ಹೇಳುತ್ತಾರೆ. ಉತ್ತರದ ಯಾತ್ರೆ ಕೈಗೆಟುಕದವರ ಸಮಾಧಾನವೂ ಆ ಮಾತಿನಲ್ಲಿದೆ.

ಸಂಗಮದ ಸ್ನಾನ ಹಳೆಯದು, ಕುಂಭಮೇಳ ಹೊಸದು. ಸುತ್ತೂರು, ಆದಿಚುಂಚನಗಿರಿ ಮೊದಲಾದ ಮಠಗಳ ಮುಂದಾಳತ್ವದಲ್ಲಿ ಅದು ಆರಂಭವಾದದ್ದು 1989ರಲ್ಲಿ. ಪ್ರಯಾಗದ ಪೂರ್ಣಕುಂಭಕ್ಕೆ ಹನ್ನೆರಡು ವರ್ಷ ಕಾಯಬೇಕು. ಇಲ್ಲಿ ಮೂರು ವರ್ಷಕ್ಕೊಮ್ಮೆ ಎಂದು ಗೊತ್ತುಮಾಡಿದರು.

ಮೇಳ ಮೂರು ದಿನದ್ದು. ಮೊದಲೆರಡು ದಿನ ಪೂಜೆ, ಹೋಮ, ಧರ್ಮಸಭೆಗಳಲ್ಲಿ ಕಳೆಯುತ್ತವೆ. ಮಾಘ ಹುಣ್ಣಿಮೆ ಮೂರನೆಯ ದಿನಕ್ಕೆ ಬರುವಂತೆ ಜೋಡಣೆ. ಮುಖ್ಯ ಪುಣ್ಯಸ್ನಾನ ಅಂದೇ, ಜನಸಾಗರವೂ ಅಂದೇ. ಇದಕ್ಕೊಂದು ಹಿನ್ನೆಲೆ ಇದೆ. ಮಾಘಸ್ನಾನ ಮೂಲತಃ ತಿಂಗಳಿಡೀ ನಸುಕಿನಲ್ಲಿ ಮೀಯುವ ವ್ರತ. ಅದು ಸಾಧ್ಯವಾಗದವರು ಮೂರು ದಿನ, ಅದೂ ಆಗದವರು ಒಂದು ದಿನವಾದರೂ ಮೀಯಲಿ ಎಂದು ಧರ್ಮಶಾಸ್ತ್ರದ ಗ್ರಂಥಗಳೇ ರಿಯಾಯಿತಿ ಕೊಟ್ಟಿವೆ. ಹೊಲಗದ್ದೆ, ಕೂಲಿ, ಕಚೇರಿ ಬಿಟ್ಟು ತಿಂಗಳುಗಟ್ಟಲೆ ಬರಲಾಗದ ಸಂಸಾರವಂದಿಗನಿಗೆ ಆ ಒಂದು ದಿನವೇ ಇಡೀ ಯಾತ್ರೆ. ಪ್ರವಾಸಿಗೆ ಉಳಿದುಹೋದ ದಿನ, ಇವನಿಗೆ ದಕ್ಕಿದ ದಿನ.

ದಕ್ಕದೆ ಹೋದದ್ದೂ ಉಂಟು. 2019ರ ಫೆಬ್ರವರಿ 17ರಿಂದ 19ರವರೆಗೆ ನಡೆದ ಮೇಳ 2022ರಲ್ಲಿ ಮತ್ತೆ ಬರಬೇಕಿತ್ತು, ಕೊರೊನಾದಿಂದಾಗಿ ನಡೆಯಲಿಲ್ಲ. ಮತ್ತೆ ಕೂಡಿದ್ದು 2025ರ ಫೆಬ್ರವರಿ 10ರಿಂದ 12ರವರೆಗೆ, ಆರು ವರ್ಷಗಳ ಬಳಿಕ. ಅಷ್ಟರಲ್ಲಿ ಹಿಂದಿನ ಸಲ ತೋಳಿನ ಮೇಲಿದ್ದ ಕೂಸು ತಾನೇ ಮೆಟ್ಟಿಲಿಳಿಯುವಷ್ಟು ದೊಡ್ಡದಾಗಿರುತ್ತದೆ. ಕೈಹಿಡಿದು ಮುಳುಗಿಸಿದ್ದ ಅಜ್ಜಿ ಇಲ್ಲದಿರಬಹುದು. ಮೂರು ವರ್ಷದ ಲೆಕ್ಕ ತಪ್ಪಿದರೆ ಸಂಸಾರಕ್ಕೆ ತಟ್ಟುವುದು ಹೀಗೆ.

ಸ್ನಾನ ಮುಗಿಸಿದವರು ಒದ್ದೆ ಬಟ್ಟೆ ಹಿಂಡಿ, ಬರಲಾಗದವರಿಗೆಂದು ಬಾಟಲಿಯಲ್ಲಿ ತೀರ್ಥ ತುಂಬಿಕೊಂಡು ಊರ ದಾರಿ ಹಿಡಿಯುತ್ತಾರೆ. ಹೊಳೆ ಮಾತ್ರ ತಲಕಾಡಿನ ಮರಳನ್ನು ಬಳಸಿ, ಶಿವನಸಮುದ್ರದಲ್ಲಿ ಧುಮುಕಿ, ತಮಿಳುನಾಡಿನ ಪೂಂಪುಹಾರ್ ಬಳಿ ಕಡಲು ಸೇರುತ್ತದೆ.