ಕಲಿವಿ ಕೋಡಿ ಕೂಗುವ ಹೊತ್ತು

ಆಫೀಸು ಮುಗಿಸಿ ವಾಕಿಂಗ್ ಹೊರಟಾಗ ನಾನೂ ಎಲ್ಲರ ಹಾಗೆ ಇಯರ್‌ಫೋನ್ ಹಾಕ್ಕೊಳ್ತಿದ್ದೆ. ಒಂದು ಸಂಜೆ ಅದರ ಚಾರ್ಜ್ ಮುಗಿದಿತ್ತು. ನಮ್ಮ ಲೇಔಟಿನ ಹೊಂಗೆಮರದಿಂದ ಹಾಲಕ್ಕಿ ಕೂಗಿತು. ಊರು ಬಿಟ್ಟು ಎಷ್ಟೋ ವರ್ಷದ ಮೇಲೆ ಕೇಳಿದ್ದು. ಇಷ್ಟು ದಿನ ಎಲ್ಲಿತ್ತು ಇದು ಅಂದ್ಕೊಂಡೆ. ಅದು ಅಲ್ಲೇ ಇತ್ತು, ಕಿವಿ ಮುಚ್ಕೊಂಡಿದ್ದು ನಾನು.

ಇದ್ದಲ್ಲೇ ಇದ್ದೂ 86 ವರ್ಷ 'ಕಳೆದುಹೋಗಿದ್ದ' ಹಕ್ಕಿಯೊಂದರ ಕತೆ ಪಕ್ಕದ ಆಂಧ್ರದಲ್ಲಿದೆ. ಮದರಾಸು ಸೇನೆಯ ವೈದ್ಯ ಜೆರ್ಡನ್ ಸಂಗ್ರಹಿಸಿದ ಅದನ್ನು 1848ರಲ್ಲಿ ಎಡ್ವರ್ಡ್ ಬ್ಲೈತ್ ವಿಜ್ಞಾನಕ್ಕೆ ಪರಿಚಯಿಸಿದ. ಹೆಸರು ಜೆರ್ಡನ್ಸ್ ಕೋರ್ಸರ್. ಕುರುಚಲು ಕಾಡಿನ ನೆಲದ ಮೇಲೆ ಓಡಾಡೋ ಹಕ್ಕಿ, ಎದೆ ಮೇಲೆ ಎರಡು ಕಂದು ಪಟ್ಟಿ. 1900ರಲ್ಲಿ ಅನಂತಪುರದ ಹತ್ತಿರ ಕಂಡಿದ್ದೇ ಕೊನೆ. ಆಮೇಲೆ ಹುಡುಕಿದವರಿಗೆಲ್ಲ ಬರಿಗೈ. ಅಳಿದೇ ಹೋಯ್ತು ಅಂತ ಪುಸ್ತಕ ಓದಿದವರು ನಂಬಿದರು.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಮಾಡಿದ್ದು ಸರಳ ಕೆಲಸ. ಹಕ್ಕಿಯ ಚಿತ್ರ ಹಿಡ್ಕೊಂಡು ಕಡಪದ ಹಳ್ಳಿಗಳಲ್ಲಿ ವಿಚಾರಿಸಿದರು. ಅಲ್ಲಿನವರಿಗೆ ಅದು ಗೊತ್ತಿತ್ತು, ತೆಲುಗಿನಲ್ಲಿ ಹೆಸರೂ ಇತ್ತು: ಕಲಿವಿ ಕೋಡಿ, ಅಂದ್ರೆ ಕಲಿವಿ ಪೊದೆಯ ಕೋಳಿ. ಅದು ಓಡಾಡೋದು ರಾತ್ರಿ ಅನ್ನೋದೂ ಗೊತ್ತಿತ್ತು. 1986ರ ಜನವರಿಯ ಒಂದು ರಾತ್ರಿ ಸ್ಥಳೀಯ ಬೇಟೆಗಾರರೊಬ್ಬರು ಟಾರ್ಚ್ ಬೆಳಕಲ್ಲಿ ಜೀವಂತ ಹಕ್ಕಿಯನ್ನೇ ಹಿಡಿದುಕೊಟ್ಟರು. ಹಕ್ಕಿಯ ಹೆಸರಲ್ಲಿ ಮಾತ್ರ ಇವತ್ತಿಗೂ ಇರೋದು ಜೆರ್ಡನ್.

ಅದಕ್ಕಾಗಿಯೇ ಅಲ್ಲಿ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯ ಬಂತು. ತೆಲುಗು ಗಂಗಾ ಕಾಲುವೆಯ ದಾರಿಯನ್ನೂ ಬದಲಿಸಿದರು. ಆದರೆ ಅದರ ಕೂಗು ಸಂಶೋಧಕರಿಗೆ ಪರಿಚಯವಾಗಿದ್ದು ಈ ಶತಮಾನದ ಶುರುವಲ್ಲಿ. ಸೂರ್ಯ ಮುಳುಗಿ ಸುಮಾರು ಮುಕ್ಕಾಲು ಗಂಟೆ ಆದ ಮೇಲೆ, ಕೆಲವೇ ನಿಮಿಷ, ಎರಡು ಸ್ವರದ ಕೂಗು. ಆಮೇಲೆ ಮೌನ. ಕಣ್ಣಿಗೆ ಸಿಗದ ಹಕ್ಕಿ ಇದೆಯೋ ಇಲ್ಲವೋ ಅಂತ ತಿಳಿಯೋಕೆ ಆ ಕೆಲವು ನಿಮಿಷಗಳೇ ದೊಡ್ಡ ಆಧಾರ. ಪೊದೆ ಕಡಿದು ನೆಲ ಮಟ್ಟ ಮಾಡಿದ ಕಡೆ ಅದೂ ಇರಲ್ಲ.

ಈಗ ನಾನು ವಾಕಿಂಗ್ ಹೊರಡೋದು ಕತ್ತಲಾದ ಮೇಲೆ, ಇಯರ್‌ಫೋನ್ ಮನೇಲಿ ಬಿಟ್ಟು. ಲೇಔಟಿನ ಆಚೆ ಸೈಟಾಗದೆ ಉಳಿದ ಒಂದಿಷ್ಟು ಬೀಳು ಜಾಗವಿದೆ. ಅಲ್ಲಿ ಗುರುತು ಸಿಗದ ದನಿ ಕೇಳಿದರೆ ಫೋನಲ್ಲಿ ರೆಕಾರ್ಡ್ ಮಾಡಿ ಊರಲ್ಲಿರೋ ಅಮ್ಮನಿಗೆ ಕಳಿಸ್ತೀನಿ. ಎರಡೇ ನಿಮಿಷದಲ್ಲಿ ಅಮ್ಮನ ಫೋನ್ ಬರುತ್ತೆ: "ಇದೂ ಮರ್ತೋಯ್ತೇನೋ ನಿಂಗೆ?"